ಆಗಿಹೋದ ಶಿಬಿರದ ವರದಿ

ನಮ್ಮ ಮನೆಯ ಮಿಕ್ಸರಿಗೆ ಒಂದು ಶಾಲು ಇದೆ. ಹೊಲಿಗೆ ಯಂತ್ರಕ್ಕೆ ಒಂದು, ಟೀವಿಗೆ ಒಂದು, ಇಸ್ತ್ರಿ ಮಾಡುವ ಮೇಜಿನ ಮೇಲೆ ಮಡಚಿ ಹಾಸಿದ್ದು ಇನ್ನೊಂದು. ಇವೆಲ್ಲ ನನಗೆ ಸನ್ಮಾನದಲ್ಲಿ ಬಂದವು. ಸನ್ಮಾನ ಎಂದ ಕೂಡಲೇ ನೀವು ನನ್ನ ಬಗ್ಗೆ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಕಾರ್ಯಕ್ರಮದವರು ಅತಿಥಿಗಳಿಗೆಂದು ಹತ್ತು ಶಾಲು ತಂದಿರುತ್ತಾರೆ. ಬರುವವರು ಎಂಟೇ ಜನ. ಉಳಿದ ಎರಡನ್ನು ಮನೆಗೆ ಒಯ್ಯುವುದು ಸಂಕೋಚವೆನಿಸಿ ಒಂದನ್ನು ಮೈಕಿನವನಿಗೂ ಇನ್ನೊಂದನ್ನು ಪತ್ರಕರ್ತನಿಗೂ ಹೊದಿಸುತ್ತಾರೆ. ಆ ಪತ್ರಕರ್ತ ನಾನು.

ಕಳೆದ ವಾರ ನನ್ನ ಹೆಂಡತಿ ಶಾಂತಾ ಕಪಾಟು ತೆಗೆದು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಇಟ್ಟಿದ್ದ ಕಂದು ಬಣ್ಣದ ಶಾಲೊಂದನ್ನು ಹೊರಗೆಳೆದಳು. ಹೊಸ ಫ್ರಿಜ್ಜಿನ ತಲೆಯ ಮೇಲೆ ಹಾಕಲು ಅಳತೆಗೆ ಸರಿಹೋಗುತ್ತದೆ ಎಂಬುದು ಅವಳ ಲೆಕ್ಕ. ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡು ಮತ್ತೆ ಒಳಗಿಟ್ಟೆ. ಮೂವತ್ತು ವರ್ಷದ ಸಂಸಾರದಲ್ಲಿ ಶಾಲಿಗಾಗಿ ನಾನು ದನಿ ಏರಿಸಿದ್ದು ಅದೇ ಮೊದಲು. ಅವಳು ಕಣ್ಣರಳಿಸಿ, "ಹೊದ್ಕೋಳೂದೂ ಇಲ್ಲ, ಹೊದಸಾಕ ಬಿಡೂದೂ ಇಲ್ಲ, ಏನ್ ಮಾಡೂದರಿ ಇದನ್ನ?" ಎಂದಳು. ನನಗೂ ಗೊತ್ತಿರಲಿಲ್ಲ. ಆ ಶಾಲನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತು ಬಳಸಿ ಬರಬೇಕು, ಕೂತುಕೊಳ್ಳಿ.

ದಾಂಡೇಲಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪುಸ್ತಕ ಪೆನ್ನಿನ ಅಂಗಡಿ. ಅದರಲ್ಲೇ ಪೇಪರ್ ಏಜೆನ್ಸಿ. ಹುಬ್ಬಳ್ಳಿಯಿಂದ ಬರುವ ಪತ್ರಿಕೆಯೊಂದಕ್ಕೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾತ್ಮೀದಾರನೂ ನಾನೇ. ಅಂದರೆ ಸುದ್ದಿ ಬರೆಯುವವನೂ ನಾನು, ಅದು ಅಚ್ಚಾಗಿ ಬಂದ ಮೇಲೆ ಮಾರುವವನೂ ನಾನು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕು ನನ್ನ ಪಾಲಿಗೆ. ಕೇಳಲು ರಾಜ್ಯಭಾರದಂತಿದೆ. ನಿಜದಲ್ಲಿ ಅದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುವ ಕೆಲಸ. ಜೋಯಿಡಾ ಕಡೆ ಹೋದರೆ ಯಾವ ಸೇತುವೆಯ ಯಾವ ಕಟ್ಟೆಯ ಮೇಲೆ ನಿಂತರೆ ಫೋನಿಗೆ ಸಿಗ್ನಲ್ ಸಿಗುತ್ತದೆ ಎಂಬುದು ನನಗೆ ಬಾಯಿಪಾಠ. ಅಲ್ಲಿ ನಿಂತು ಕೂಗಿ ಕೂಗಿ ಸುದ್ದಿ ಹೇಳಿದ್ದೇನೆ, ದಾರಿಹೋಕರು ಇವನಿಗೇನೋ ಆಗಿದೆ ಎಂದು ನೋಡಿಕೊಂಡು ಹೋಗಿದ್ದಾರೆ.

ಈ ಕಸುಬಿನಲ್ಲಿ ನಾನು ಕಲಿತ ಮೊದಲ ಪಾಠ ಮುಂಡಗೋಡ ತಾಲೂಕಿನ ಮಳಗಿಯಲ್ಲಿ. ಅಲ್ಲೊಂದು ಶಾಲೆಯ ಕಂಪೌಂಡ್ ಗೋಡೆಯ ಉದ್ಘಾಟನೆ. ಗೋಡೆಗಿಂತ ವೇದಿಕೆಯೇ ಉದ್ದವಾಗಿತ್ತು. ನಾನು ಗೋಡೆಯ ಬಗ್ಗೆ, ಮಕ್ಕಳ ಬಗ್ಗೆ ಚೆಂದಾಗಿ ಬರೆದು ಕಳಿಸಿದೆ. ವೇದಿಕೆಯ ತುದಿಯಲ್ಲಿ ಕೂತಿದ್ದ ಒಬ್ಬರ ಹೆಸರು ಬಿಟ್ಟುಹೋಯಿತು. ಅವರು ಮರುದಿನದಿಂದ ಪೇಪರ್ ಬಿಟ್ಟರು, ಓಣಿಯವರಿಂದಲೂ ಬಿಡಿಸಿದರು. ಅವರನ್ನು ಸಮಾಧಾನ ಮಾಡಲು ನಾನು ಮೂರು ಸಲ ಮಳಗಿಗೆ ಹೋಗಿ ಚಹಾ ಕುಡಿದು ಬರಬೇಕಾಯಿತು. ಅಂದಿನಿಂದ ನನ್ನ ವರದಿಯಲ್ಲಿ ಏನಿರಲಿ ಇರದಿರಲಿ, 'ವೇದಿಕೆಯಲ್ಲಿ ಉಪಸ್ಥಿತರಿದ್ದರು' ಎಂಬ ಸಾಲಿನ ಹಿಂದೆ ಹದಿನೈದು ಇಪ್ಪತ್ತು ಹೆಸರು ಇದ್ದೇ ಇರುತ್ತವೆ. ಹೆಸರು ಬಂದವರೆಲ್ಲ ಅವತ್ತಿನ ಪೇಪರ್ ಕೊಳ್ಳುತ್ತಾರೆ, ಅವರ ಬೀಗರೂ ಕೊಳ್ಳುತ್ತಾರೆ.

ಎರಡನೆಯ ಪಾಠ ಹುಬ್ಬಳ್ಳಿಯಲ್ಲಿ ಕೂತು ನಮ್ಮ ಸುದ್ದಿ ತಿದ್ದುವ ಡೆಸ್ಕಿನವರದು. ನಡೆದ ಕಾರ್ಯಕ್ರಮ ಸುದ್ದಿ, ನಡೆಯಬೇಕಾದ ಕಾರ್ಯಕ್ರಮ ಜಾಹೀರಾತು ಎಂದು ಅವರು ನನಗೆ ಆರಂಭದಲ್ಲೇ ತಿಳಿಸಿಕೊಟ್ಟಿದ್ದರು. ಮುಂದಿನ ವಾರ ಇಂಥದ್ದೊಂದು ಆಗಲಿದೆ ಎಂದು ನಾನು ಎರಡು ಸಾಲು ಕಳಿಸಿದರೆ, ಆಗುವುದು ಆಗಲಿ, ಆಮೇಲೆ ಫೋಟೋ ಸಮೇತ ಕಳಿಸಿ ಎಂದು ಫೋನು ಬರುತ್ತಿತ್ತು. ಒಂದೆರಡು ಸಲ ವಾದಿಸಿದೆ. ಆಮೇಲೆ ನನಗೂ ಅದೇ ಸರಿ ಎನಿಸತೊಡಗಿತು. ಆಗುವುದನ್ನು ಬರೆದರೆ ಮತ್ತೆ ಆದದ್ದನ್ನೂ ಬರೆಯಬೇಕು, ಎರಡು ಕೆಲಸ. ಆದಮೇಲೆ ಬರೆದರೆ ಒಂದೇ ಕೆಲಸ. ಸೋಮಾರಿಗೆ ನಿಯಮದ ಆಸರೆ ಸಿಕ್ಕರೆ ಕೇಳಬೇಕೆ?

ಹಾಗಾಗಿ ಸರಕಾರಿ ಕಚೇರಿಗಳಿಂದ, ಸಂಘಗಳಿಂದ ಬರುವ ಪ್ರಕಟಣೆಗಳನ್ನು ನಾನು ಅಂಗಡಿಯ ಗೋಡೆಗೆ ತೂಗುಹಾಕಿದ ಕೊಕ್ಕೆಯ ತಂತಿಗೆ ಚುಚ್ಚಿಡುತ್ತಿದ್ದೆ. ಕಾರ್ಯಕ್ರಮ ಆದ ದಿನ ಅದನ್ನು ಕಿತ್ತು, 'ನಡೆಯಲಿದೆ' ಇದ್ದಲ್ಲಿ 'ನಡೆಯಿತು' ಮಾಡಿ ಹೆಸರು ಸೇರಿಸಿದರೆ ವರದಿ ತಯಾರು.

ತಂತಿಗೆ ಕಾಗದ ಚುಚ್ಚುವ ಚಾಳಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನಮ್ಮದು ಎರಡು ಕೋಣೆಯ ಮನೆ. ಬೆಳಿಗ್ಗೆ ಪಾಳಿಯ ಭೋಂಗಾ ಕೂಗಿದರೆ ಓಣಿಯಲ್ಲಿ ಅಷ್ಟೂ ಮನೆಗಳ ಬಾಗಿಲು ಒಟ್ಟಿಗೆ ತೆರೆಯುತ್ತಿದ್ದವು. ಗಾಳಿ ಈ ಕಡೆ ಬೀಸಿದ ದಿನ ಅನ್ನದಲ್ಲೂ ಕಾರ್ಖಾನೆಯ ವಾಸನೆ. ರಜೆಯಲ್ಲಿ ನಾವು ಹುಡುಗರು ಮೌಳಂಗಿಯ ಹೊಳೆಗೆ ಹೋಗಿ, ಕಣ್ಣು ಕೆಂಪಾಗುವ ತನಕ ಮುಳುಗಿ ಎದ್ದು, ತಲೆ ಒಣಗಿಸಿಕೊಂಡು ಕಳ್ಳರಂತೆ ಮನೆ ಸೇರುತ್ತಿದ್ದೆವು. ಅಡುಗೆಮನೆಯ ಬಾಗಿಲ ಪಕ್ಕ ಅಪ್ಪನ ತಂತಿ. ಲೈಟ್ ಬಿಲ್ಲು, ರೇಷನ್ ಚೀಟಿ, ಊರಿನ ಪತ್ರ, ನನ್ನ ಅಂಕಪಟ್ಟಿ ಎಲ್ಲವೂ ಅದಕ್ಕೇ. ತಂತಿಗೆ ಚುಚ್ಚಿದರೆ ಆ ಕೆಲಸ ಮುಗಿದಂತೆ ಎಂದು ಅಪ್ಪ ಗಾಢವಾಗಿ ನಂಬಿದ್ದರು. ಒಮ್ಮೆ ಕಲಘಟಗಿಯ ಮದುವೆಯೊಂದರ ಕರೆಯೋಲೆ ಹಾಗೆಯೇ ತಂತಿಯಲ್ಲಿ ಉಳಿದು, ನಾವು ಮದುವೆಯ ಮರುದಿನ ಹೊಸ ಬಟ್ಟೆ ಹಾಕಿಕೊಂಡು ಹೋಗಿ, ಚಪ್ಪರ ಬಿಚ್ಚುವವರ ಸಾಲಿನಲ್ಲಿ ಕೂತು ಉಂಡು ಬಂದೆವು. ಅವ್ವ ದಾರಿಯುದ್ದಕ್ಕೂ ಹೊಸ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದಳು. ನಮಗೆ ಮಾತ್ರ ಉಳಿದ ಬುಂದಿ ಬೇಕಾದಷ್ಟು ಸಿಕ್ಕಿತ್ತು.

ಈಗ ಜುಜೆ ಕಾಕಾನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಅಲ್ಲಿಗೆ ಬರುವುದನ್ನು ತಪ್ಪಿಸಲೆಂದೇ ಇಷ್ಟು ಹೊತ್ತು ಬುಂದಿ ತಿನ್ನುತ್ತಿದ್ದೆ.

ಜುಜೆ ಕಾಕಾ ಹಳಿಯಾಳ ತಾಲೂಕಿನ ಕಾಡಂಚಿನ ಹಳ್ಳಿಯೊಂದರ ಸಿದ್ದಿ ಜನಾಂಗದವರು, ಕ್ರೈಸ್ತರು. ಹದಿನೇಳು ವರ್ಷ ಸೈನ್ಯದಲ್ಲಿದ್ದು ನಾಯಕ್ ಆಗಿ ನಿವೃತ್ತರಾದವರು. ಆಮೇಲೆ ಊರಿಗೆ ಬಂದು ಬೇಸಾಯ ಹಿಡಿದರು. ದಾಂಡೇಲಿಯ ಸಂತೆಯ ದಿನ ತಪ್ಪದೆ ನನ್ನ ಅಂಗಡಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಕಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ನಾನು ತೆಗೆದಿಟ್ಟ ವಾರದ ಪೇಪರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಓದಿದ ಮೇಲೆ ಮೊದಲಿದ್ದ ಮಡಿಕೆಯಲ್ಲೇ ಮಡಚುತ್ತಿದ್ದರು. ಬೇಕಾದ ಪೇಪರನ್ನು ಕೊಂಡು ಊರಿಗೆ ಒಯ್ಯುತ್ತಿದ್ದರು. ಅಲ್ಲಿ ಇಗರ್ಜಿಯ ಜಗಲಿಯ ಮೇಲೆ ಸುತ್ತಲಿನ ಹಳ್ಳಿಗಳ ಇನ್ನೂ ಮೂವರು ಮಾಜಿ ಸೈನಿಕರು, ಸೈನಿಕರ ಇಬ್ಬರು ವಿಧವೆಯರು, ಜೊತೆಗೆ ಸುಮ್ಮನೆ ಕೇಳುವವರು ಸೇರುತ್ತಿದ್ದರಂತೆ. ಜುಜೆ ಕಾಕಾ ಕನ್ನಡದಲ್ಲಿ ಓದಿ ಕೊಂಕಣಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಇವರು ಕೊಳ್ಳುತ್ತಿದ್ದದ್ದು ಒಂದು ಪ್ರತಿ, ಕೇಳುತ್ತಿದ್ದದ್ದು ಊರು. ನನ್ನ ಬರಹಕ್ಕೆ ಅಷ್ಟು ನಿಷ್ಠೆಯ ಓದುಗರು ಬೇರೆ ಎಲ್ಲೂ ಇರಲಿಲ್ಲ.

ಅವರು ಓದುವ ರೀತಿ ಕ್ರಮೇಣ ಬದಲಾದದ್ದನ್ನು ನಾನು ನೋಡಿದ್ದೆ. ಮೊದಲು ಪೇಪರನ್ನು ಮೊಣಕಾಲ ಮೇಲೆ ಹರಡಿ ಓದುತ್ತಿದ್ದವರು, ಆಮೇಲಾಮೇಲೆ ಎತ್ತಿ ಹಿಡಿದು ಅದನ್ನೇ ಎಡಕ್ಕೂ ಬಲಕ್ಕೂ ಸರಿಸಿ ಓದತೊಡಗಿದರು. ಪಕ್ಕದಲ್ಲಿಟ್ಟ ಚಹಾದ ಗ್ಲಾಸು ಎರಡು ಸಲ ಕೈತಾಗಿ ಉರುಳಿತು. ನಾನು ಇದನ್ನೆಲ್ಲ ಕಂಡು ನಗೆಯಾಡುತ್ತಿದ್ದೆ. ಪೇಪರಿಗೆ ಕವಾಯತು ಮಾಡಿಸುತ್ತೀರಿ ಎಂದು ಚುಡಾಯಿಸುತ್ತಿದ್ದೆ. ಅವರೂ ನಗುತ್ತಿದ್ದರು. ನಾಲ್ಕು ತಾಲೂಕಿನ ಸುದ್ದಿ ಹುಡುಕುವ ನನಗೆ ಮೂರು ಅಡಿ ದೂರದ ಸುದ್ದಿ ಹೊಳೆಯಲಿಲ್ಲ.

ಹೀಗಿರುವಾಗ ಮಾಜಿ ಸೈನಿಕರಿಗೂ ಅವರ ಕುಟುಂಬದವರಿಗೂ ಹಳಿಯಾಳದಲ್ಲಿ ಒಂದು ಶಿಬಿರ ಮಾಡುವ ಪ್ರಕಟಣೆ ಬಂತು. ಪಿಂಚಣಿಯ ಕಾಗದಪತ್ರ ಸರಿಪಡಿಸುವುದು, ಆಸ್ಪತ್ರೆಯ ಕಾರ್ಡಿಗೆ ಅರ್ಜಿ ತುಂಬಿಸುವುದು, ಕಣ್ಣು ಕಿವಿಗಳ ತಪಾಸಣೆ, ಎಲ್ಲವೂ ಒಂದೇ ಕಡೆ. ಪತ್ರಿಕೆಗಳು ದಯಮಾಡಿ ಮುಂಚಿತವಾಗಿ ಪ್ರಕಟಿಸಿ ಸಹಕರಿಸಬೇಕೆಂದು ಕೊನೆಯಲ್ಲಿ ಬರೆದಿತ್ತು. ನಾನು ಓದಿ, ತಾರೀಕಿಗೆ ಪೆನ್ನಿನಿಂದ ಗೆರೆ ಎಳೆದು, ತಂತಿಗೆ ಚುಚ್ಚಿದೆ. ಶಿಬಿರಕ್ಕೆ ಹನ್ನೆರಡು ದಿನವಿತ್ತು. ನಡುವೆ ಒಂದು ಸಂತೆಯೂ ಬಂತು. ಜುಜೆ ಕಾಕಾ ಬಂದು ಅದೇ ತಂತಿಯ ಕೆಳಗೆ ಒಂದು ತಾಸು ಕೂತು ಹೋದರು. ಮಳೆ, ಭತ್ತ, ಆನೆ ಕಾಟ ಎಲ್ಲ ಮಾತಾಡಿದೆವು.

ನಾನು ಬೇಕೆಂದು ಮುಚ್ಚಿಟ್ಟೆನೇ? ಇಲ್ಲ. ಅವರಿಗೆ ಹೇಳಬೇಕೆಂದು ತೋಚಲೇ ಇಲ್ಲ, ನನ್ನನ್ನು ಈಗಲೂ ಚುಚ್ಚುವುದು ಅದೇ. ನನ್ನ ಪಾಲಿಗೆ ಆ ಕಾಗದ ನಾಳೆಯ ವರದಿಗೆ ಸಾಮಗ್ರಿಯಾಗಿತ್ತು. ಮಾಜಿ ಸೈನಿಕರು ಎಂದು ಅದರಲ್ಲಿ ಬರೆದದ್ದಕ್ಕೂ ಬಾಕಿನ ಮೇಲೆ ಕೂತ ಮಾಜಿ ಸೈನಿಕನಿಗೂ ನನ್ನ ತಲೆಯೊಳಗೆ ಸಂಬಂಧವೇ ಬೆಸೆಯಲಿಲ್ಲ.

ಶಿಬಿರದ ದಿನ ನಾನು ಠಾಕುಠೀಕಾಗಿ ಹಳಿಯಾಳಕ್ಕೆ ಹೋದೆ. ನೂರೈವತ್ತು ಕುರ್ಚಿ ಹಾಕಿದ್ದರು. ಮುಂದಿನ ಎರಡು ಸಾಲು ತುಂಬಿ ಮೂರನೆಯ ಸಾಲು ಅರ್ಧವಾಗಿತ್ತು. ಅದರಲ್ಲೂ ಕೆಲವರು ವೇದಿಕೆಯವರ ಜೊತೆ ಬಂದವರು. ಕಣ್ಣಿನ ಡಾಕ್ಟರು ತಮ್ಮ ಯಂತ್ರ ಜೋಡಿಸಿಕೊಂಡು ಮೂಲೆಯಲ್ಲಿ ಕೂತು ಮೊಬೈಲು ನೋಡುತ್ತಿದ್ದರು. ಶಿಬಿರ ಏರ್ಪಡಿಸಿದವರು ನಿವೃತ್ತ ಸುಬೇದಾರರೊಬ್ಬರು. ಅವರು ನನ್ನ ಹತ್ತಿರ ಬಂದು, ನಾಲ್ಕು ತಾಲೂಕಿಗೆ ಸೇರಿ ಇಷ್ಟೇ ಜನವೇ, ಪೇಪರಿನಲ್ಲಿ ಬಂದಿರಲಿಲ್ಲವೇ ಎಂದು ಕೇಳಿದರು.

"ಬಂದಿತ್ತಲ್ರಿ, ಒಳಗಿನ ಪುಟದಾಗ" ಎಂದೆ. ಅದು ಸುಳ್ಳು. ಅವರು ನಂಬಿದರು. ತಮ್ಮವರೇ ಉದಾಸೀನ ಮಾಡಿದರೆಂದು ನೊಂದುಕೊಂಡು ಹೋದರು.

ಫೋಟೋ ತೆಗೆಯುವಾಗ ಖಾಲಿ ಕುರ್ಚಿ ಕಾಣದಂತೆ ತೆಗೆದೆ. ಆ ವಿದ್ಯೆಯಲ್ಲಿ ನಾನು ಪಳಗಿದವನು. ಸ್ವಲ್ಪ ಬಗ್ಗಿ, ಬದಿಯಿಂದ, ಮುಂದಿನ ಸಾಲಿನ ತಲೆಗಳನ್ನು ತುಂಬಿಸಿಕೊಂಡರೆ ಮೂವತ್ತು ಜನ ಮುನ್ನೂರಾಗುತ್ತಾರೆ. ನಾಲ್ಕೂ ತಾಲೂಕುಗಳ ಮಾಜಿ ಸೈನಿಕರು ಶಿಬಿರದ ಸದುಪಯೋಗ ಪಡೆದುಕೊಂಡರು ಎಂದು ಬರೆದೆ. ವೇದಿಕೆಯಲ್ಲಿ ಉಪಸ್ಥಿತರಿದ್ದ ಹದಿನಾಲ್ಕು ಜನರ ಹೆಸರೂ ಬರೆದೆ. ಒಂದೂ ಬಿಡಲಿಲ್ಲ.

ಮುಂದಿನ ಸಂತೆಗೆ ಜುಜೆ ಕಾಕಾ ಬಂದು ಆ ವರದಿಯನ್ನು ಓದಿದರು. ಪೇಪರನ್ನು ಸರಿಸಿ ಸರಿಸಿ, ಹೆಸರುಗಳ ಸಮೇತ ಪೂರ್ತಿ ಓದಿದರು. ಆಮೇಲೆ, ಇದು ಮುಗಿದುಹೋಯಿತೇ ಎಂದು ಕೇಳಿದರು. ಹೂಂ, ಗುರುವಾರವೇ ಆಯಿತು ಎಂದೆ. ಅವರು, ಕಣ್ಣು ಒಮ್ಮೆ ತೋರಿಸಬೇಕಿತ್ತು, ಬದಿಗಿನದು ಕಾಣುವುದಿಲ್ಲ, ವಯಸ್ಸಿನದೇ ಇರಬೇಕು ಎಂದರು. ಇನ್ನೊಮ್ಮೆ ಆಗುತ್ತದೆ ಬಿಡಿ ಎಂದು ನಾನು ಹಗುರವಾಗಿ ಹೇಳಿದೆ. ಅವರು ಆ ಪೇಪರನ್ನೂ ಕೊಂಡು ಮಡಚಿ ಚೀಲದಲ್ಲಿಟ್ಟುಕೊಂಡರು. ಇಗರ್ಜಿಯ ಜಗಲಿಯ ಮೇಲೆ ಅದನ್ನೂ ಓದಿ ಹೇಳಿರಬೇಕು. ಆ ಇಬ್ಬರು ಹೆಂಗಸರು, ಮೂವರು ಗಂಡಸರು, ತಾವು ಸದುಪಯೋಗ ಪಡೆದ ಸುದ್ದಿಯನ್ನು ಕೇಳಿರಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಸಂತೆಗೆ ಬರುವುದು ನಿಂತಿತು. ಎರಡು ತಿಂಗಳಾದ ಮೇಲೆ ಮಗಳು ಮೇರಿಯ ಕೈ ಹಿಡಿದು ಬಂದರು. ರಸ್ತೆಯ ಬದಿಗೆ ನಿಲ್ಲಿಸಿದ್ದ ಎತ್ತಿನ ಬಂಡಿ ಕಾಣದೆ ಡಿಕ್ಕಿ ಹೊಡೆದು ಬಿದ್ದರಂತೆ. ಮಗಳು ಹುಬ್ಬಳ್ಳಿಗೆ ಕರೆದೊಯ್ದಾಗ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ನಡುವಿನದಷ್ಟೇ ಮಸುಕಾಗಿ ಉಳಿದಿದೆ ಎಂದರಂತೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು. ಐದಾರು ತಿಂಗಳ ಮೊದಲು ಬಂದಿದ್ದರೆ ಓದುವಷ್ಟು ಕಣ್ಣು ಉಳಿಯುತ್ತಿತ್ತು ಎಂದೂ ಡಾಕ್ಟರು ಹೇಳಿದ್ದಾರೆಂದು ಮೇರಿ ತಿಳಿಸಿದಳು. ಅವಳು ಯಾರನ್ನೂ ದೂರುವ ದನಿಯಲ್ಲಿ ಹೇಳಲಿಲ್ಲ. ನಾನು ಮಾತ್ರ ಬೆರಳು ಮಡಚಿ ತಿಂಗಳು ಎಣಿಸಿದೆ. ಶಿಬಿರ ಆಗಿ ಸರಿಯಾಗಿ ಆರು ತಿಂಗಳಾಗಿತ್ತು.

ಮೇರಿ ಸಂತೆಗೆ ಹೋದಳು. ಜುಜೆ ಕಾಕಾ ಎಂದಿನಂತೆ ನೆಟ್ಟಗೆ ಕೂತಿದ್ದರು, ಕೈಯಲ್ಲಿ ಪೇಪರಿರಲಿಲ್ಲ. ಆಗ ನನಗೆ ತಡೆಯಲಾಗಲಿಲ್ಲ.

"ಕಾಕಾ, ಆ ಶಿಬಿರದ ಕಾಗದ ಹನ್ನೆರಡು ದಿನ ಮೊದಲ ನನ್ನ ಕಡೆ ಬಂದಿತ್ರಿ. ನೀವು ಬಂದ ದಿನ ಇಲ್ಲೇ ಗ್ವಾಡಿ ಮ್ಯಾಲ ಇತ್ತು. ನಾ ಹೇಳಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. "ಗೊತ್ತೈತ್ರಿ. ಸೈನಿಕ ಅಂತ ದೊಡ್ಡ ಅಕ್ಷರ ಕಂಡಿತ್ತು. ಮಂದೀ ಕಾಗದ ಓದಬಾರದು ಅಂತ ಬಿಟ್ಟೆ. ನನಗ ಸಂಬಂಧಪಟ್ಟದ್ದಿದ್ರ ನೀವ ಹೇಳ್ತಿದ್ರಿ ಅಂತ ತಿಳಕೊಂಡೆ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಳಗಿಯವರು ಒಂದು ಹೆಸರು ಬಿಟ್ಟದ್ದಕ್ಕೆ ಓಣಿಯನ್ನೇ ಎಬ್ಬಿಸಿದ್ದರು. ಇವರು ಕಣ್ಣು ಕಳೆದುಕೊಂಡು, ಮೇರಿ ಬರುವ ತನಕ ಕೂತಿರಲೇ ಎಂದು ನನ್ನನ್ನೇ ಅಪ್ಪಣೆ ಕೇಳಿದರು. ಅವತ್ತು ರಾತ್ರಿ ಶಾಂತಾಳಿಗೆ ಎಲ್ಲವನ್ನೂ ಹೇಳಿಕೊಳ್ಳಬೇಕೆಂದುಕೊಂಡು, ಅರ್ಧ ಹೇಳಿ, ಉಳಿದರ್ಧ ನುಂಗಿಕೊಂಡೆ.

ಆಮೇಲೆ ನಾನು ಬದಲಾದೆ ಎಂದು ಹೇಳಿಕೊಳ್ಳಬಹುದು. ಮುಂದಿನ ಶಿಬಿರ ಮುಂಡಗೋಡದಲ್ಲೆಂದು ಪ್ರಕಟಣೆ ಬಂದಾಗ ಹುಬ್ಬಳ್ಳಿಗೆ ಫೋನು ಮಾಡಿ ಜಗಳಾಡಿದೆ. ಜಾಗವಿಲ್ಲ, ಆದಮೇಲೆ ಕಳಿಸಿ ಎಂದರು. ಆಗ ನನಗೆ ಏಜೆಂಟನ ಬುದ್ಧಿ ಓಡಿತು. ಸೀರೆ ಅಂಗಡಿಯವರು ರಿಯಾಯಿತಿ ಮಾರಾಟದ ಕರಪತ್ರಗಳನ್ನು ಪೇಪರಿನ ಮಡಿಕೆಯೊಳಗೆ ಸೇರಿಸಲು ನಮಗೆ ಕೊಡುತ್ತಾರೆ. ನಾನೂ ಶಿಬಿರದ ಜಾಗ, ತಾರೀಕು, ತರಬೇಕಾದ ಕಾಗದಪತ್ರಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಒಂದೊಂದು ಪೇಪರಿನೊಳಗೂ ಇಟ್ಟೆ. ಹಳಿಯಾಳ, ಜೋಯಿಡಾ, ಮುಂಡಗೋಡದ ಏಜೆಂಟರಿಗೂ ಬಸ್ಸಿನಲ್ಲಿ ಕಟ್ಟು ಕಳಿಸಿದೆ. ಕೇಬಲ್ ಟೀವಿಯವನ ಬೆನ್ನು ಹತ್ತಿ ಸಿನಿಮಾದ ಕೆಳಗೆ ಎರಡು ಸಾಲು ಓಡಿಸಿದೆ. ಇಗರ್ಜಿ, ಮಸೀದಿ, ಗುಡಿಗಳಲ್ಲಿ ಹೇಳಿಸಿದೆ. ವಾಟ್ಸಾಪಿನ ಗುಂಪುಗಳಲ್ಲಿ ಹಾಕಿದರೆ ಶುಭೋದಯದ ಹೂಗಳ ಕೆಳಗೆ ಅದು ಹೂತುಹೋಗುತ್ತಿತ್ತು, ತಾಸಿಗೊಮ್ಮೆ ಮತ್ತೆ ಮತ್ತೆ ಹಾಕಿ ಎರಡು ಗುಂಪುಗಳಿಂದ ಹೊರದಬ್ಬಿಸಿಕೊಂಡೆ.

ಮುಂಡಗೋಡದಲ್ಲಿ ಕುರ್ಚಿ ಸಾಲಲಿಲ್ಲ. ಸೈನಿಕರ ಹೆಂಡಂದಿರು ಸೆರಗಿನಲ್ಲಿ ಕಾಗದದ ಗಂಟು ಕಟ್ಟಿಕೊಂಡು ಬಂದಿದ್ದರು. ಜೋಯಿಡಾದ ಒಳಗಿನಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬರ ಕೈಯಲ್ಲಿ ನನ್ನ ಝೆರಾಕ್ಸ್ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಜುಜೆ ಕಾಕಾ ಸೇರಿ ಇಗರ್ಜಿಯ ಜಗಲಿಯ ಆ ಆರೂ ಜನ ಬಂದಿದ್ದರು. ಒಬ್ಬ ವಿಧವೆಗೆ ಎಷ್ಟೋ ವರ್ಷದಿಂದ ನಿಂತಿದ್ದ ಪಿಂಚಣಿಯ ದಾರಿ ಅವತ್ತು ಸಿಕ್ಕಿತು. ಜುಜೆ ಕಾಕಾನಿಗೆ ಆಸ್ಪತ್ರೆಯ ಕಾರ್ಡಿನ ಅರ್ಜಿಯಾಯಿತು. ಕಣ್ಣಿನ ಡಾಕ್ಟರು ಅದೇ ಯಂತ್ರವನ್ನು ಇಟ್ಟುಕೊಂಡು ಅವರನ್ನೂ ನೋಡಿದರು, ಹನಿ ಬಿಡಬೇಡಿ ಎಂದರು. ಅಷ್ಟೇ ಹೇಳಲು ಸಾಧ್ಯವಿತ್ತು.

ಅದೇ ಸುಬೇದಾರರು ಸಂತೋಷದಿಂದ ನನ್ನ ಕೈ ಹಿಡಿದು ವೇದಿಕೆಗೆ ಎಳೆದೊಯ್ದರು. ಸ್ಥಳೀಯ ಪತ್ರಕರ್ತ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇವರೇ ಸಾಕ್ಷಿ ಎಂದು ಮೈಕಿನಲ್ಲಿ ಹೇಳಿದರು. ಇದು ಉಳಿದ ಶಾಲಲ್ಲ, ನನಗೆಂದೇ ತಂದದ್ದು, ಕಂದು ಬಣ್ಣದ್ದು. ಹೊದಿಸುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ಜುಜೆ ಕಾಕಾನೂ ತಟ್ಟಿದರು. ವೇದಿಕೆ ಯಾವ ಕಡೆ ಇದೆ ಎಂದು ಮೇರಿ ಅವರ ಭುಜ ಹಿಡಿದು ತಿರುಗಿಸಬೇಕಾಯಿತು. ಒಂದು ಶಿಬಿರಕ್ಕೆ ಮನಸ್ಸು ಮಾಡಲು ನನಗೆ ಇಪ್ಪತ್ತು ವರ್ಷವೂ ಒಬ್ಬರ ಕಣ್ಣೂ ಬೇಕಾದವು ಎಂದು ಹೇಳಲು ನನಗೆ ಅಲ್ಲಿ ಬಾಯಿ ಬರಲಿಲ್ಲ. ಕೈ ಮುಗಿದು ಕೆಳಗಿಳಿದೆ.

ಈಗಲೂ ಅವರು ಸಂತೆಗೆ ಬರುತ್ತಾರೆ. ಮೇರಿ ಅವರನ್ನು ಬಾಕಿನ ಮೇಲೆ ಕೂರಿಸಿ ಹೋಗುತ್ತಾಳೆ, ನಾನು ಪೇಪರ್ ಓದಿ ಹೇಳುತ್ತೇನೆ. ಊರಿಗೆ ಹೋಗಿ ಅವರು ನೆನಪಿನಿಂದ ಉಳಿದವರಿಗೆ ಹೇಳುತ್ತಾರಂತೆ. ಮೊದಲ ಸಲ ನಾನು ಮುಖಪುಟದಿಂದ ಶುರುಮಾಡಿ, ಅಲ್ಲಿ ಉದ್ಘಾಟನೆ, ಇಲ್ಲಿ ಸನ್ಮಾನ ಎಂದು ಓದುತ್ತ ಹೋದೆ. ನನ್ನದೇ ವರದಿಯೂ ಒಂದಿತ್ತು, ಹೆಸರುಗಳೂ ಇದ್ದವು. ಅವರು ಮೃದುವಾಗಿ ನನ್ನ ಮೊಣಕೈ ಮುಟ್ಟಿ ತಡೆದರು.

"ಆಗಿದ್ದು ಸಾಕ್ರಿ. ಇನ್ನ ಆಗೂದು ಏನೈತಿ, ಅದನ್ನಷ್ಟ ಓದ್ರಿ. ನಾ ಊರಾಗ ಹೇಳಬೇಕು."

ನಾನು ಹಾಳೆ ತಿರುವಿದೆ. ಎರಡನೆಯ ಪುಟ, ಮೂರನೆಯ ಪುಟ, ನಾಲ್ಕೂ ತಾಲೂಕುಗಳ ಸುದ್ದಿ ಬರುವ ನಮ್ಮ ಪುಟ. ಕೊನೆಯ ಪುಟದ ತನಕ ಹೋಗಿ, 'ನಡೆಯಲಿದೆ' ಎಂಬ ಸಾಲು ಒಂದೂ ಸಿಗದೆ, ಮತ್ತೆ ಹಿಂದಕ್ಕೆ ಬಂದೆ. ಅವರು ತಲೆ ಸ್ವಲ್ಪ ಬಲಕ್ಕೆ ವಾಲಿಸಿ, ಕಿವಿಗೊಟ್ಟು, ಅವಸರವಿಲ್ಲದೆ ಕಾಯುತ್ತಿದ್ದರು.